ಸುತ್ತಲಿನ ನೋಟಕ್ಕೆ ಯಾವ ಕನ್ನಡಿ?

ಉಬ್ಬು ಕನ್ನಡಿಯೊಂದರ ಕಡೆ ಕ್ಯಾಮೆರಾ ತಿರುಗಿಸಿಟ್ಟರೆ ಸುತ್ತಲಿನದೆಲ್ಲ ಒಂದೇ ಚಿತ್ರದಲ್ಲಿ ಸಿಗುತ್ತದೆ. ಹೀಗೆ ಒಂದೇ ಕ್ಯಾಮೆರಾದಲ್ಲಿ 360 ಡಿಗ್ರಿ ನೋಟ ಬೇಕು ಅಂದವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಆ ಚಿತ್ರದಿಂದ ಏನು ಮಾಡುತ್ತೀರಿ? ಸುಮ್ನೆ ಯಾರು ಬಂದರು, ಯಾರು ಹೋದರು ಅಂತ ನೋಡುವುದಾದರೆ ಗೋಳದ ಉಬ್ಬು ಕನ್ನಡಿ ಸಾಕು. ಕನ್ನಡಿಯಲ್ಲಿ ಬಾಗಿ ಕಾಣುವ ಚಿತ್ರವನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ, ನೇರ ಗೆರೆ ನೇರವಾಗೇ ಕಾಣುವ ಮಾಮೂಲಿ ಫೋಟೋ ಮಾಡಬೇಕಾದರೆ ಸಾಲದು. ಅದಕ್ಕೆ, ಕನ್ನಡಿಗೆ ಬಡಿದು ಕ್ಯಾಮೆರಾ ಸೇರುವ ಕಿರಣಗಳನ್ನು, ಅವು ಬಂದ ದಿಕ್ಕಿನಲ್ಲೇ ಕನ್ನಡಿಯೊಳಕ್ಕೆ ಮುಂದಕ್ಕೆಳೆದರೆ ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಗೋಳದಲ್ಲಿ ಕೂಡುವುದಿಲ್ಲ.

ಕೂಡುವ ಆಕಾರಗಳು ಕೆಲವೇ. ಕಂಪ್ಯೂಟರ್ ವಿಷನ್ ಸಂಶೋಧಕರಾದ ಸೈಮನ್ ಬೇಕರ್ ಮತ್ತು ಶ್ರೀ ಕೆ. ನಾಯರ್ 1990ರ ದಶಕದ ಕೊನೆಯಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹೈಪರ್ಬೋಲಾ ಎಂಬ ಬಾಗಿದ ಗೆರೆಯನ್ನು ಸುತ್ತ ತಿರುಗಿಸಿದ ಆಕಾರದ ಕನ್ನಡಿಗೆ ಮಾಮೂಲಿ ಲೆನ್ಸ್ ನಡೆಯುತ್ತದೆ, ಆದರೆ ಲೆನ್ಸಿನ ಕೇಂದ್ರ ಅದರ ಎರಡನೇ ನಾಭಿಯಲ್ಲೇ, ಅಂದರೆ ಪ್ರತಿಫಲಿಸಿದ ಕಿರಣಗಳು ಬಂದು ಕೂಡುವ ಬಿಂದುವಿನಲ್ಲೇ, ಕೂರಬೇಕು. ಪ್ಯಾರಾಬೋಲಾ (ಡಿಶ್ ಆಂಟೆನಾದ ಆಕಾರ) ಕನ್ನಡಿಯಿಂದ ಕಿರಣಗಳು ಸಮಾನಾಂತರವಾಗಿ ಹೊರಡುತ್ತವೆ. ಕ್ಯಾಮೆರಾ ತುಸು ಮೇಲೆ ಕೆಳಗಾದರೂ ತೊಂದರೆಯಿಲ್ಲ. ಅದಕ್ಕೆ ಬೇಕಾದ, ಸಮಾನಾಂತರ ಕಿರಣಗಳನ್ನಷ್ಟೇ ಹಿಡಿಯುವ ಟೆಲಿಸೆಂಟ್ರಿಕ್ ಲೆನ್ಸ್ ಮಾತ್ರ ಕನ್ನಡಿಯಷ್ಟಾದರೂ ಅಗಲ ಇರಬೇಕು, ಖರ್ಚು ಜಾಸ್ತಿ. ಜೋಡಿಸುವ ಕೆಲಸ ಹಗುರವಾಗುವುದರಿಂದ ನನ್ನ ಒಲವು ಪ್ಯಾರಾಬೋಲಾ ಕಡೆಗೇ.

ಸೆನ್ಸರ್ ಮೇಲೆ ಚಿತ್ರ ಬಳೆಯ ಹಾಗೆ ಬೀಳುತ್ತದೆ. ಒಳ ಅಂಚಿನ ತ್ರಿಜ್ಯ 300 ಪಿಕ್ಸೆಲ್ ಆದರೆ ಸುತ್ತಳತೆ ಸುಮಾರು 1,885. ಅಂದರೆ ಡಿಗ್ರಿಗೆ ಐದೇ ಪಿಕ್ಸೆಲ್. ಹೊರಗೆ 1,000 ಇದ್ದರೆ ಡಿಗ್ರಿಗೆ ಹದಿನೇಳು. ಕನ್ನಡಿ ಮೇಲೆ, ಕ್ಯಾಮೆರಾ ಕೆಳಗೆ ಇಟ್ಟರೆ ಒಳ ಅಂಚಿಗೆ ಬುಡದ ನೆಲ ಬರುತ್ತದೆ, ಹೊರ ಅಂಚಿಗೆ ದೂರದ ದೃಶ್ಯ. ನಿಮಗೆ ವಿವರ ಬೇಕಾದದ್ದು ಎಲ್ಲಿ ಅನ್ನುವುದು ಇಲ್ಲೇ ತೀರ್ಮಾನವಾಗಲಿ.

ಬಹಳ ಜನ ಎಡವುವುದು ಫೋಕಸ್‌ನಲ್ಲಿ. ದೃಶ್ಯ ದೂರದಲ್ಲಿದೆ ಅಂತ ಲೆನ್ಸನ್ನೂ ದೂರಕ್ಕೆ ತಿರುಗಿಸುತ್ತಾರೆ. ಉಬ್ಬು ಕನ್ನಡಿಯಲ್ಲಿ ದೂರದ್ದೆಲ್ಲದರ ಬಿಂಬ ಕನ್ನಡಿಯ ಬೆನ್ನಿಗೇ, ಹತ್ತಿರದಲ್ಲೇ ಇರುತ್ತದೆ. ಫೋಕಸ್ ಇಡಬೇಕಾದ್ದು ಅಲ್ಲಿಗೆ. ಆ ಬಿಂಬ ಚಪ್ಪಟೆಯಲ್ಲ, ಬಾಗಿದೆ. ನಡುವೆ ಸ್ಪಷ್ಟವಾದರೆ ಅಂಚು ಮಸುಕಾಗುತ್ತದೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಕಿರಿದು ಮಾಡಿ, ಅದಕ್ಕೆ ತಕ್ಕ ಬೆಳಕು ಕೊಡಿ. ಕನ್ನಡಿಯ ಲೇಪ ಮುಂಭಾಗದಲ್ಲೇ ಇರಲಿ, ಹಿಂದಿದ್ದರೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ.

ಕನ್ನಡಿಯನ್ನು ಗಾಜಿನ ಕೊಳವೆಯ ಮೇಲೆ ಕೂರಿಸಿದರೆ ಇನ್ನೊಂದು ಕಾಟ. ಒಂದು ಬದಿಯ ಬೆಳಕು ಎದುರಿನ ಒಳಗೋಡೆಗೆ ಬಡಿದು, ಕನ್ನಡಿ ಸೇರಿ, ಸುಳ್ಳು ಬಿಂಬ ಮೂಡಿಸುತ್ತದೆ. ಎದುರು ಗೋಡೆಗೆ ಹೋಗುವ ಕಿರಣ ನಡುವನ್ನು ದಾಟಲೇಬೇಕು, ಅಲ್ವಾ? ಹಾಗಾಗಿ ಕನ್ನಡಿಯ ನಡುವಿನಿಂದ ತೆಳ್ಳಗಿನ ಕಪ್ಪು ಸೂಜಿಯೊಂದನ್ನು ಇಳಿಬಿಟ್ಟರೆ ಆ ಬೆಳಕು ಅಲ್ಲೇ ನಿಲ್ಲುತ್ತದೆ. ಚಿತ್ರದ ನಡುವೆ ಹೇಗೂ ಕಾಣುವುದು ಕ್ಯಾಮೆರಾದ ಬಿಂಬವೇ, ಆದ್ದರಿಂದ ಸೂಜಿಯಿಂದ ಕಳೆದುಕೊಳ್ಳುವುದು ಏನೂ ಇಲ್ಲ.