ಮ್ಯಾಚು ಏಳು, ಕೂಲಿಯೂ ಏಳೇ ದಿನ

ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ತವರಿನಲ್ಲಿ ಆಡುವುದು ಸಾಮಾನ್ಯವಾಗಿ 7. ಚಿನ್ನಸ್ವಾಮಿ ಕ್ರೀಡಾಂಗಣ ಎಷ್ಟು ಜನರಿಗೆ ಕೆಲಸ ಕೊಡುತ್ತದೆ ಎಂದು ಕೇಳುವವರು ಎಷ್ಟು ದಿನ ಎಂದೂ ಕೇಳಬೇಕು.

1997ರ ರಾಷ್ಟ್ರೀಯ ಕ್ರೀಡಾಕೂಟದ ಲೆಕ್ಕ ಬೇರೆ ಇತ್ತು. ಅದಕ್ಕಾಗಿ ಕೋರಮಂಗಲದಲ್ಲಿ ಒಳಾಂಗಣ ಕ್ರೀಡಾಂಗಣವೂ ನ್ಯಾಷನಲ್ ಗೇಮ್ಸ್ ವಿಲೇಜೂ ಎದ್ದವು. ಗಾರೆ ಕೆಲಸ ಮುಗಿದ ಮೇಲೂ ವಿಲೇಜು ವಸತಿ ಸಮುಚ್ಚಯವಾಗಿ ಉಳಿಯಿತು. ಕಾವಲು, ಕಸ, ನಲ್ಲಿ ರಿಪೇರಿ ವರ್ಷವಿಡೀ ಇದ್ದೇ ಇರುತ್ತದೆ. 2008ರ ಏಪ್ರಿಲ್ 18ರಂದು ಐಪಿಎಲ್ಲಿನ ಮೊದಲ ಪಂದ್ಯ ನಡೆದಾಗ ಚಿನ್ನಸ್ವಾಮಿಯಲ್ಲಿ ಎಲ್ಲವೂ ಸಿದ್ಧವಿತ್ತು. ಮೊದಲ ಟೆಸ್ಟ್ ನಡೆದದ್ದೇ 1974ರಲ್ಲಿ, ಫ್ಲಡ್‌ಲೈಟ್ ಬಂದದ್ದು 1996ರ ವಿಶ್ವಕಪ್‌ಗೆ. ಬೇಕಾಗಿದ್ದು ಒಂದು ರಾತ್ರಿಯ ಆಳುಗಳು ಮಾತ್ರ.

ಆ ರಾತ್ರಿ ಉದ್ದ. ಪಂದ್ಯ 7.30ಕ್ಕಾದರೆ ಗೇಟು, ಸ್ಟಾಲು, ಶೌಚಾಲಯದವರು ಮಧ್ಯಾಹ್ನವೇ ಒಳಗಿರಬೇಕು. ಆಟ ಮುಗಿಯುವುದು ಹನ್ನೊಂದು ದಾಟಿ. ಪ್ರೇಕ್ಷಕರು ಮೆಟ್ರೊ ಹತ್ತಿದ ಮೇಲೆ ಕುರ್ಚಿ ಸಾಲುಗಳ ನಡುವೆ ಬಗ್ಗಿ ಲೋಟ, ತಟ್ಟೆ ಹೆಕ್ಕುವ ಕೆಲಸ ಶುರು. ಹೆಚ್ಚುವರಿ ಅವಧಿಗೆ ದುಪ್ಪಟ್ಟು ಕೂಲಿ ಎಂಬ ನಿಯಮ ಹಳೆಯದು. ಆದರೆ ಕೆಲಸ ಇವೆಂಟ್ ಕಂಪನಿಯಿಂದ ಏಜೆನ್ಸಿಗೆ, ಅಲ್ಲಿಂದ ಮೇಸ್ತ್ರಿಗೆ ಇಳಿಯುವಷ್ಟರಲ್ಲಿ ಗಂಟೆಯ ಲೆಕ್ಕ ಕಳೆದುಹೋಗಿ 'ಒಂದು ದಿನ' ಎಂದಷ್ಟೇ ಬರೆದಿರುತ್ತದೆ. ಕೊರಳಿನ ಪಾಸನ್ನು ಹೊರಡುವಾಗ ವಾಪಸ್ ಕೊಟ್ಟರೆ ಬಟವಾಡೆ ತಡವಾದಾಗ ತೋರಿಸಲು ಕೈಯಲ್ಲಿ ಏನೂ ಉಳಿಯದು. ಒಳಗೆ ಹೋಗುವಾಗ, ಹೊರಬರುವಾಗ ಪಾಸಿನ ಫೋಟೊ ತೆಗೆದಿಟ್ಟುಕೊಂಡರೆ ಸಮಯವೂ ದಾಖಲಾಗುತ್ತದೆ.

ಇನ್ನು ಮಳೆ. 2017ರಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆ ಹುಲ್ಲಿನಡಿಯ ಕೊಳವೆಗಳಿಂದ ನೀರು ಹೀರುತ್ತದೆ, ನಿಜ, ಮಳೆ ನಿಲ್ಲಬೇಕಲ್ಲ! 2025ರ ಮೇ 17ರಂದು ಒಂದು ಎಸೆತವೂ ಬೀಳಲಿಲ್ಲ. ಇಂಥ ದಿನ ಟಿಕೆಟ್ ಹಣ ವಾಪಸಾಗುತ್ತದೆ. ಕಮಿಷನ್ ಮೇಲೆ ತಿಂಡಿ ಮಾರುವವನಿಗೆ ಕೈಗೆ ಬರುವುದು ಸೊನ್ನೆ.

ಪಂದ್ಯವೇ ಊರು ಬಿಟ್ಟದ್ದೂ ಉಂಟು. 2010ರಲ್ಲಿ ಕ್ರೀಡಾಂಗಣದ ಹೊರಗೆ ಬಾಂಬ್ ಸಿಡಿದ ಮೇಲೆ ಐಪಿಎಲ್ ಸೆಮಿಫೈನಲ್‌ಗಳು ನವಿ ಮುಂಬೈಗೆ ಹೋದವು. 2025ರ ಜೂನ್ 4ರ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆಮೇಲೆ ಮಹಿಳಾ ವಿಶ್ವಕಪ್ ಪಂದ್ಯಗಳೂ ಕೈತಪ್ಪಿದವು. ದೊಡ್ಡ ಗುತ್ತಿಗೆಗಳಲ್ಲಿ ರದ್ದತಿಯ ಷರತ್ತು ಇರುತ್ತದೆ, ಮೇಸ್ತ್ರಿಯ ಪಟ್ಟಿಯಲ್ಲಿ ಇರುವುದಿಲ್ಲ. ಫುಟ್‌ಪಾತಿನ ಜೆರ್ಸಿ ವ್ಯಾಪಾರಿಯ ಸರಕಂತೂ ಸಾಲದ್ದು. ತಂಡ ಬಿಟ್ಟ ಆಟಗಾರನ ಹೆಸರಿನ ಜೆರ್ಸಿಯನ್ನು ಮುಂದಿನ ವರ್ಷ ಯಾರೂ ಮುಟ್ಟುವುದಿಲ್ಲ. 2008ರಿಂದಲೂ ತಂಡ ಬಿಡದ ಕೊಹ್ಲಿಯ 18ನೇ ನಂಬರಿನದಾದರೆ ಮೂಟೆ ಕಟ್ಟಿಟ್ಟು ಮುಂದಿನ ಸೀಸನ್‌ಗೆ ಬಿಚ್ಚಬಹುದು.