ಇಟಲಿಯ ಪ್ರಾಗ್ ರಾಕ್ ಎಲ್ಲಿ ಹೋಯಿತು? ಕೀಬೋರ್ಡ್ ಹಿಂದೆ ಹೋದರೆ ಸಿಗುತ್ತದೆ

ಇಟಲಿಯ ಪ್ರೋಗ್ರೆಸಿವ್ ರಾಕ್, ಚುಟುಕಾಗಿ ಪ್ರಾಗ್, ಅಂದರೆ ಮೂರು ನಿಮಿಷದ ಹಾಡು ಬಿಟ್ಟು ಉದ್ದುದ್ದ ಹೆಣೆದ ರಾಕ್. ಅದರ ಬಗ್ಗೆ ಓದಲು ಕೂತರೆ ಹೆಚ್ಚುಕಡಿಮೆ ಒಂದೇ ಕಥೆ ಸಿಗುತ್ತದೆ. 1971ರ ಸುಮಾರಿಗೆ ಹುಟ್ಟಿತು, 1977ರ ಹೊತ್ತಿಗೆ ಮುಗಿಯಿತು. ಸ್ಪೇಸ್ ಮ್ಯೂಸಿಕ್, ಅಂದರೆ ಎಲೆಕ್ಟ್ರಾನಿಕ್ ಸದ್ದಿನಲ್ಲಿ ತೇಲಿಸುವ ಸಂಗೀತ, ಅದು ಜರ್ಮನಿಯ ಟ್ಯಾಂಜರಿನ್ ಡ್ರೀಮ್ ತಂಡದ, ಕ್ಲೌಸ್ ಶುಲ್ಟ್ಸೆ ಅವರ ಆಸ್ತಿ. ರೆಕಾರ್ಡ್ ಅಂಗಡಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಪಾಟು, ಬೇರೆ ಬೇರೆ ಕೇಳುಗರು. ಹಾಗಾದರೆ ಇವತ್ತು ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ, ಹಿಡಿದು ಆಕಾಶದ ಸದ್ದು ಮಾಡುತ್ತಿರುವ ಇಷ್ಟೊಂದು ಇಟಲಿಯವರು ಎಲ್ಲಿಂದ ಬಂದರು? ಹಾಡುಗಾರರನ್ನು, ಗಿಟಾರ್‌ನವರನ್ನು ಸ್ವಲ್ಪ ಬದಿಗಿಟ್ಟು ಕೀಬೋರ್ಡ್ ನುಡಿಸಿದವರ ಜಾಡು ಹಿಡಿದರೆ ಕಥೆ ಬೇರೆಯೇ ಇದೆ.

ಬೀಜ ಹಳೆಯದು. 1955ರಲ್ಲೇ ಸಂಗೀತ ರಚನಕಾರರಾದ ಲುಚಾನೊ ಬೆರಿಯೊ ಮತ್ತು ಬ್ರೂನೊ ಮಡೆರ್ನಾ ಮಿಲಾನಿನ ರೇಡಿಯೋ ಕೇಂದ್ರದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ತೆರೆದರು. ಅಲ್ಲಿ ಒಂಬತ್ತು ಆಸಿಲೇಟರ್‌ಗಳಿದ್ದವು, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರಗಳು. ಗಾಯಕಿ ಕ್ಯಾಥಿ ಬರ್ಬೇರಿಯನ್ ಅವರನ್ನು ಹತ್ತನೆಯ ಆಸಿಲೇಟರ್ ಅನ್ನುತ್ತಿದ್ದರಂತೆ. ಇತ್ತ ಪೂರ್ವ ಕರಾವಳಿಯ ಮಾರ್ಕೆ ಪ್ರಾಂತ್ಯದಲ್ಲಿ ಅಕಾರ್ಡಿಯನ್ ಮಾಡುತ್ತಿದ್ದ ಕಾರ್ಖಾನೆಗಳು ಎಲೆಕ್ಟ್ರಿಕ್ ಆರ್ಗನ್ ಕಡೆ ಹೊರಳಿದವು. ನಮ್ಮ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಗಾಳಿಗೆ ಅದುರುವ ರೀಡು ಇರುತ್ತದಲ್ಲ, ಅಕಾರ್ಡಿಯನ್ ಒಳಗಿರುವುದೂ ಅದೇ ಜಾತಿಯದು. ಆ ರೀಡಿನ ಸೀಮೆಯಿಂದಲೇ ಫಾರ್ಫಿಸಾ ಆರ್ಗನ್ ಬಂತು. ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡದ ರಿಚರ್ಡ್ ರೈಟ್ ಮೊದಮೊದಲು ನುಡಿಸಿದ್ದು ಅದನ್ನೇ.

ಆಮೇಲೆ ಬಂದದ್ದು 1972. ಎಂಥ ವರ್ಷ ಅದು! ಮಿಲಾನಿನ ಪ್ರೆಮಿಯಾತಾ ಫೊರ್ನೆರಿಯಾ ಮಾರ್ಕೋನಿ, ರೋಮಿನ ಬ್ಯಾಂಕೊ ದೆಲ್ ಮೂತುವೊ ಸೊಕ್ಕೋರ್ಸೊ, ಎರಡೂ ತಂಡಗಳು ಒಂದೇ ವರ್ಷದಲ್ಲಿ ಎರಡೆರಡು ಆಲ್ಬಂ ಕೊಟ್ಟವು. ಮರುವರ್ಷ ವೆನಿಸ್ ಕಡೆಯ ಲೆ ಓರ್ಮೆ ತಂಡ 'ಫೆಲೋನಾ ಎ ಸೊರೋನಾ' ತಂದಿತು. ಒಂದು ಬೆಳಕಿನ ಗ್ರಹ, ಒಂದು ಕತ್ತಲೆಯ ಗ್ರಹ, ಅವೆರಡರ ಕಥೆ. ಮೂರೇ ಜನರ ತಂಡ, ಮುಂದೆ ನಿಂತದ್ದು ಟೋನಿ ಪಾಲ್ಯೂಕಾ ಅವರ ಕೀಬೋರ್ಡ್. ಇದನ್ನು ರಾಕ್ ಅನ್ನಬೇಕೋ ಸ್ಪೇಸ್ ಅನ್ನಬೇಕೋ, ನನಗಂತೂ ಗೆರೆ ಎಳೆಯಲು ಮನಸ್ಸು ಬರುವುದಿಲ್ಲ.

ಇನ್ನೂ ಮುಂದೆ ಹೋದವರು ಹಾಡುಗಾರ, ರಚನಕಾರ ಫ್ರಾಂಕೊ ಬತ್ತಿಯಾತೊ. ಅವರ ಕೈಯಲ್ಲಿದ್ದದ್ದು ಲಂಡನ್ನಿನ ವಿಸಿಎಸ್-3 ಅನ್ನುವ ಸಿಂಥಸೈಜರ್. ಅದೊಂದು ಮರದ ಪೆಟ್ಟಿಗೆ. ಅದರಲ್ಲಿ ಕೀಲಿಮಣೆಯೇ ಇಲ್ಲ. ಮುಂದೆ ಉದ್ದಕ್ಕೆ 16, ಅಡ್ಡಕ್ಕೆ 16 ತೂತುಗಳ ಫಲಕ, ಪಕ್ಕದಲ್ಲಿ ಒಂದು ಪುಟ್ಟ ಜಾಯ್‌ಸ್ಟಿಕ್. ಅಳಿಗುಳಿಮಣೆಗೆ ಕಾಯಿ ಹಾಕಿದ ಹಾಗೆ ತೂತಿಗೆ ಪಿನ್ ಚುಚ್ಚಬೇಕು. ಒಂದು ಪಿನ್ ಆಚೀಚೆಯಾದರೆ ಸದ್ದೇ ಬೇರೆ. ರಾಗ ನುಡಿಸುವ ಅಭ್ಯಾಸ ಬಿಟ್ಟು ಸದ್ದಿನ ಒಳಗೆ ಕೂರುವುದನ್ನು ಈ ಪೆಟ್ಟಿಗೆ ಕಲಿಸಿತು. 'ಫೇಟಸ್' ಇಂದ 'ಕ್ಲಿಕ್' ತನಕ, 1972ರಿಂದ 1974ರ ಒಳಗೆ, ಅವರ ಆಲ್ಬಂಗಳಲ್ಲಿ ರಾಕ್ ನಿಧಾನವಾಗಿ ಕರಗುವುದು ಕೇಳಿಸುತ್ತದೆ.

ಈ ಹೊತ್ತಿಗೆ ವೇದಿಕೆಗಳು ಬಿಸಿಯಾಗಿದ್ದವು. 1971ರಲ್ಲಿ ಮಿಲಾನಿನಲ್ಲಿ ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಪೆಲಿನ್‌ನ ಕಾರ್ಯಕ್ರಮ ಅಶ್ರುವಾಯುವಿನಲ್ಲಿ ಮುಗಿದಿತ್ತು. ಸಂಗೀತಕ್ಕೆ ಟಿಕೆಟ್ ಯಾಕೆ ಅನ್ನುವ ಕೂಗು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಯಿತು. 1976ರಲ್ಲಿ ಮಿಲಾನಿನ ಲ್ಯಾಂಬ್ರೊ ಪಾರ್ಕ್ ಉತ್ಸವದಲ್ಲಿ ಹಾಡಿಗಿಂತ ಗಲಾಟೆಯೇ ಸುದ್ದಿಯಾಯಿತು. ಟಿಕೆಟ್ ಬೇಡ ಅಂದ ಹುಡುಗರಿಗೂ ಅವರದೇ ನ್ಯಾಯವಿತ್ತು, ಆಯೋಜಕರಿಗೂ ಇತ್ತು. ಪೆಟ್ಟು ಬಿದ್ದದ್ದು ಮಾತ್ರ ಆರ್ಗನ್, ಡ್ರಮ್ಸ್ ವ್ಯಾನಿಗೆ ತುಂಬಿಕೊಂಡು ಊರೂರು ಸುತ್ತುತ್ತಿದ್ದ ತಂಡಗಳಿಗೆ. ಐದಾರು ಜನ ಕೂಡಿ ನುಡಿಸುವುದು ಕಷ್ಟವಾದಾಗ ಒಬ್ಬರೇ ಕೋಣೆಯಲ್ಲಿ ಕೂತು ಮಾಡುವ ಸಂಗೀತಕ್ಕೆ ಬೆಲೆ ಬಂತು ಅಂತ ನನಗನ್ನಿಸುತ್ತದೆ.

ಅದಕ್ಕೆ ಒಳ್ಳೆಯ ಉದಾಹರಣೆ ಕೋಮೊ ಸರೋವರದ ದಂಡೆಯ ಲೆಕ್ಕೊ ಊರಿನ ಬಿಲ್ಯೆತ್ತೊ ಪೆರ್ ಲಿನ್‌ಫೆರ್ನೊ ತಂಡ. ಹೆಸರಿನ ಅರ್ಥ 'ನರಕಕ್ಕೆ ಟಿಕೆಟ್'. 1974ರಲ್ಲಿ ಮೊದಲ ಆಲ್ಬಂ ಬಂತು. ಎರಡನೆಯದು ರೆಕಾರ್ಡ್ ಆದರೂ ಕಂಪನಿಯೇ ಮುಚ್ಚಿಹೋಯಿತು. ಆ ಟೇಪ್ ಹೊರಬಂದದ್ದು 1992ರಲ್ಲಿ. ಹದಿನೇಳು ಹದಿನೆಂಟು ವರ್ಷ ಸುಮ್ನೆ ಬಿದ್ದಿತ್ತು! ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ತಂಡದ ಹಾಡುಗಾರ ಮುಂದೆ ಸನ್ಯಾಸಿಯಾದರು. ಕೀಬೋರ್ಡಿನ ಬಾಫೊ ಬಾನ್ಫಿ 1978ರಲ್ಲಿ ಒಬ್ಬರೇ 'ಗ್ಯಾಲಕ್ಸಿ ಮೈ ಡಿಯರ್' ಮಾಡಿದರು. ಅವರ ಮುಂದಿನ ಆಲ್ಬಂ ಬಂದದ್ದು ಸಾಕ್ಷಾತ್ ಶುಲ್ಟ್ಸೆ ಅವರ ರೆಕಾರ್ಡ್ ಕಂಪನಿಯಿಂದ. ಪ್ರಾಗ್ ಕಪಾಟಿನಿಂದ ಸ್ಪೇಸ್ ಕಪಾಟಿಗೆ ದಾಟಲು ಅವರಿಗೆ ಹಿಡಿದದ್ದು ನಾಲ್ಕೇ ವರ್ಷ.

ನಂತರದ ದಶಕಗಳನ್ನು ಬೇಗ ದಾಟಬಹುದು. ಡಿಸ್ಕೊ ಬಂತು, 1975ರಿಂದಲೇ ಭಯದ ಸಿನಿಮಾಗಳಿಗೆ ಸಂಗೀತ ಕೊಡುತ್ತಿದ್ದ ಗಾಬ್ಲಿನ್ ತಂಡ ಅದನ್ನು ಮುಂದುವರಿಸಿತು, ತೊಂಬತ್ತರ ದಶಕದಲ್ಲಿ ಆಲಿಯೊ ದಿಯೆ ಹೆಸರಿನಲ್ಲಿ ಸ್ತೆಫಾನೊ ಮುಸ್ಸೊ ಗಂಟೆಗಟ್ಟಲೆ ತೇಲುವ ಸಂಗೀತ ಮಾಡಿದರು.

ಈಗ ಹೆಚ್ಚು ಕೇಳಿಬರುವ ಹೆಸರು ಬೊಲೋನ್ಯದ ಕತೆರೀನಾ ಬಾರ್ಬಿಯೇರಿ. ಓದಿದ್ದು ಕ್ಲಾಸಿಕಲ್ ಗಿಟಾರ್, ಹಿಡಿದದ್ದು ಮಾಡ್ಯುಲರ್ ಸಿಂಥಸೈಜರ್, ಅಂದರೆ ಬಿಡಿ ಭಾಗಗಳನ್ನು ತಂತಿಯಿಂದ ಜೋಡಿಸಿಕೊಳ್ಳುವ ಜಾತಿಯದು. ಹಿಂದೂಸ್ತಾನಿ ಸಂಗೀತದ ಮೇಲೆ ಪ್ರಬಂಧ ಬರೆದವರು ಅಂತ ತಿಳಿದರೆ ಅವರ 2017, 2019ರ ಆಲ್ಬಂಗಳು ಇನ್ನೂ ಹತ್ತಿರವಾಗುತ್ತವೆ. ಕೆಲವೇ ಸ್ವರಗಳು ಸುತ್ತುತ್ತಲೇ ಇರುತ್ತವೆ. ಒಂದು ಸ್ವರ ಜಾಗ ಬದಲಿಸಿದರೆ ಇಡೀ ಆಕಾಶವೇ ಜರುಗಿದ ಹಾಗಾಗುತ್ತದೆ. ಅವರು ಹಳೆಯ ಪ್ರಾಗ್ ತಂಡಗಳ ಶಿಷ್ಯೆ ಅಂತ ನಾನು ಹೇಳುತ್ತಿಲ್ಲ. ಆದರೆ 2025 ಮತ್ತು 2026ರ ಸಂಗೀತ ಬಿಯೆನ್ನಾಲೆ ಅನ್ನುವ ಉತ್ಸವದ ನಿರ್ದೇಶಕಿಯಾಗಿ ಅವರನ್ನು ಆರಿಸಿದ್ದು ವೆನಿಸ್, ಲೆ ಓರ್ಮೆಯವರ ಊರು. ಒಂದು ಸಂಜೆ ಬಿಡುವು ಮಾಡಿಕೊಂಡು, ಹೆಡ್‌ಫೋನ್ ಹಾಕಿ, ಮೊದಲು 'ಫೆಲೋನಾ', ಆಮೇಲೆ ಬಾನ್ಫಿ, ಕೊನೆಗೆ ಬಾರ್ಬಿಯೇರಿ ಕೇಳಿ. ನಡುವೆ ಎಲ್ಲಿ ಕಪಾಟು ಬದಲಾಯಿತು ಅಂತ ಹೇಳುವುದು ನನ್ನಿಂದ ಈವರೆಗೂ ಆಗಿಲ್ಲ.