ವರ್ಷದ ಲೆಕ್ಕ ಸಾಕು, ಗಂಟೆಯ ಲೆಕ್ಕ ಕೊಡಿ

ಯಾತ್ರಾಸ್ಥಳಗಳಲ್ಲಿ ಜನಸಂಚಾರದ ನಕ್ಷೆ ಬರೆಯುವುದು ನನ್ನ ಕಸುಬು. ಯಾವ ಊರಿನ ಸಭೆಗೆ ಹೋದರೂ ಮೊದಲು ಕಾಫಿ ಬರುತ್ತದೆ, ಅದರ ಹಿಂದೆಯೇ ವರ್ಷದ ಲೆಕ್ಕ. ಕಾಶಿಗೆ ವರ್ಷಕ್ಕೆ ಇಷ್ಟು ಕೋಟಿ ಜನ ಹೋಗುತ್ತಾರಂತೆ, ನಮಗೂ ಅಷ್ಟು ಬೇಕು ಎನ್ನುತ್ತಾರೆ. 2021ರ ಡಿಸೆಂಬರಿನಲ್ಲಿ ವಿಶ್ವನಾಥ ಧಾಮ ಉದ್ಘಾಟನೆಯಾದ ಮೇಲೆ ಅಲ್ಲಿಗೆ ಹೋಗುವವರು ಹೆಚ್ಚಿದ್ದು ನಿಜ. ಸುಮಾರು ಮೂರು ಸಾವಿರ ಚದರಡಿಯಿದ್ದ ದೇವಸ್ಥಾನದ ಆವರಣ ಐದು ಲಕ್ಷ ಚದರಡಿಯಾಗಿ ಹರಡಿತು. ಆದರೆ ವರ್ಷದ ಕೋಟಿಯನ್ನು ಹಿಡಿದುಕೊಂಡು ನಾನು ಒಂದು ಮೆಟ್ಟಿಲಿನ ಅಗಲವನ್ನೂ ನಿರ್ಧರಿಸಲಾರೆ. ನನಗೆ ಬೇಕಾದದ್ದು ಅತಿ ಹೆಚ್ಚು ಜನ ಸೇರುವ ಆ ಒಂದು ಗಂಟೆಯ ಲೆಕ್ಕ.

ಕಾಶಿಯ ರೋಪ್‌ವೇಯನ್ನೇ ನೋಡಿ. ಕ್ಯಾಂಟ್ ರೈಲು ನಿಲ್ದಾಣದಿಂದ ಗೊದೌಲಿಯಾವರೆಗೆ, ಸುಮಾರು ಮೂರೂಮುಕ್ಕಾಲು ಕಿಲೋಮೀಟರ್; 2023ರಲ್ಲಿ ಶಂಕುಸ್ಥಾಪನೆಯಾದ ಯೋಜನೆ. ದಿನಕ್ಕೆ 96,000 ಜನ ಎಂಬ ಅಂಕಿ ಎಲ್ಲರ ಬಾಯಲ್ಲೂ ಇದೆ. ಆ ಅಂಕಿ ಹುಟ್ಟಿದ್ದು ಹೀಗೆ: ಒಂದು ದಿಕ್ಕಿಗೆ ಗಂಟೆಗೆ 3,000 ಜನ, ಎರಡು ದಿಕ್ಕು, ಹದಿನಾರು ಗಂಟೆ. ಈಗ ಸಂಜೆಯ ಗಂಗಾರತಿ ಮುಗಿಯುವ ಹೊತ್ತನ್ನು ನೆನೆಯಿರಿ. ದಶಾಶ್ವಮೇಧ ಘಾಟಿನ ಮೆಟ್ಟಿಲುಗಳಿಂದ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಎಲ್ಲರ ಮುಖವೂ ಗೊದೌಲಿಯಾದ ಕಡೆಗೆ. ಆಗ ನಿಮ್ಮ ಕೈಯಲ್ಲಿರುವುದು 96,000 ಅಲ್ಲ, ಗಂಟೆಗೆ 3,000. ಲೆಕ್ಕಕ್ಕೆಂದು ಇಪ್ಪತ್ತು ಸಾವಿರ ಜನ ಹಿಡಿದರೆ, ಕೊನೆಯವರು ತೊಟ್ಟಿಲು ಹತ್ತುವಾಗ ಆರೂವರೆ ತಾಸಿಗೂ ಹೆಚ್ಚು ಹೊತ್ತು ಕಳೆದಿರುತ್ತದೆ. ಎಲ್ಲರೂ ರೋಪ್‌ವೇಯನ್ನೇ ಹತ್ತುವುದಿಲ್ಲ, ಒಪ್ಪಿದೆ. ಅದು ಬೇಡವೆಂದೂ ನಾನು ಹೇಳುತ್ತಿಲ್ಲ. ದಿನದ ಅಂಕಿ ಆ ಗಂಟೆಯನ್ನು ಮುಚ್ಚಿಡುತ್ತದೆ ಎನ್ನುತ್ತಿದ್ದೇನೆ, ಅಷ್ಟೇ.

ಗಲ್ಲಿಗಳಿಗೂ ಇದೇ ಮಾತು. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು ಎಂಬತ್ತು ಮಂದಿ ಸಾಗಬಹುದು, ಅದೇ ಗರಿಷ್ಠ. ಕಾಶಿಯ ಗಲ್ಲಿಯಲ್ಲಿ ಗೂಳಿ ಅಡ್ಡ ಮಲಗಿರುತ್ತದೆ, ಮಣಿಕರ್ಣಿಕೆಗೆ ಹೊರಟ ಚಟ್ಟ ಎದುರಾಗುತ್ತದೆ. ಚಟ್ಟಕ್ಕೆ ಯಾರೂ ನಿಲ್ಲೆನ್ನುವಂತಿಲ್ಲ, ಗೂಳಿಗೆ ಹೇಳಿದರೆ ಕೇಳುವುದಿಲ್ಲ. ಎಂಬತ್ತರಲ್ಲಿ ಎಷ್ಟು ಕಳೆಯಬೇಕೆಂಬುದನ್ನು ಅಲ್ಲೇ ನಿಂತು ಎಣಿಸಬೇಕು. ಎಣಿಸುವುದಕ್ಕೆ ಮಾತ್ರ ಯಾರೂ ಹಣ ಕೊಡುವುದಿಲ್ಲ. ಸ್ವಾಗತ ಕಮಾನಿಗೆ ಕೊಡುತ್ತಾರೆ.

ನಮ್ಮ ಕಡೆಯ ಒಂದು ಕ್ಷೇತ್ರದಲ್ಲಿ, ಹೆಸರು ಬೇಡ, ಹೊರಹೋಗುವ ಬಾಗಿಲ ಬಳಿ ಪ್ರತಿ ಹಬ್ಬಕ್ಕೂ ನೂಕುನುಗ್ಗಲು. ಬಾಗಿಲು ಅಗಲ ಮಾಡಿಕೊಡಿ ಎಂದು ಕರೆಸಿದರು. ಎರಡು ದಿನ ನಿಂತು ನೋಡಿದೆ. ಹೊರಗೆ ಬಂದವರಲ್ಲಿ ಅರ್ಧಕ್ಕರ್ಧ ಮಂದಿ ಬಂದ ದಾರಿಯಲ್ಲೇ ಎದುರು ನುಗ್ಗುತ್ತಿದ್ದರು. ಚಪ್ಪಲಿ ಬಿಟ್ಟದ್ದು ಒಳಹೋಗುವ ಬಾಗಿಲಲ್ಲಿ! ಹಾಗೆ ನುಗ್ಗುತ್ತಿದ್ದ ಅಜ್ಜಿಯೊಬ್ಬರ ಕೈ ಹಿಡಿದು, "ಚಪ್ಪಲಿ ಹೋದರೆ ಹೋಗಲಿ ಬಿಡಿ ಅಜ್ಜಿ, ಬಿದ್ದೀರಿ" ಎಂದೆ. "ಕಾಶಿಯಲ್ಲಿ ಹಾಗಲಕಾಯಿ ಬಿಟ್ಟು ಬಂದೆನಪ್ಪ, ಇಲ್ಲಿ ಚಪ್ಪಲಿಯನ್ನೂ ಬಿಡಲೇ?" ಎಂದು ಕೈ ಕೊಡವಿಕೊಂಡು ಹೋದರು.

ಬಾಗಿಲನ್ನು ಮುಟ್ಟಲಿಲ್ಲ. ಟೋಕನ್ ಕೊಟ್ಟು, ಚಪ್ಪಲಿಗಳನ್ನು ಚೀಲದಲ್ಲಿ ಹೊರಬಾಗಿಲಿಗೆ ಸಾಗಿಸುವ ವ್ಯವಸ್ಥೆ ಬರೆದುಕೊಟ್ಟೆ. ವರದಿ ಓದಿದ ಅಧಿಕಾರಿಗಳು ಬಹಳ ಹೊತ್ತು ತಲೆದೂಗಿ, ಕೊನೆಗೆ ಪೆನ್ನು ತೆಗೆದು ಕೇಳಿದರು: "ಸರಿ ಸಾರ್, ವರ್ಷಕ್ಕೆ ಒಟ್ಟು ಎಷ್ಟು ಜೊತೆ ಚಪ್ಪಲಿ ಆಗಬಹುದು?"